ಒಣಗುವ ಕೋಣೆ

ಆಟ ಮುಗಿದು ಮಂಜುಗಡ್ಡೆಯ ಮೇಲೆ ದೀಪವಾರಿದ ಮೇಲೆ
ನನ್ನ ಕೆಲಸ ಶುರು.
ಹತ್ತೊಂಬತ್ತು ಚೀಲ. ಮೊದಲು ಜಿಪ್ಪು ಎಳೆ,
ಬಾಯಿ ಅಗಲಿಸು, ಉಸಿರಾಡಲಿ.
ಮುಚ್ಚಿದ ಚೀಲದಲ್ಲಿ ಬೆವರು ಮೊಟ್ಟೆಯಿಡುತ್ತದೆ
ಎಂದು ಹುಡುಗರಿಗೆ ಎಷ್ಟು ಸಲ ಹೇಳಿದ್ದೇನೆ;
ಹೂಂಗುಟ್ಟುತ್ತಾರೆ, ಹೆಲ್ಮೆಟ್ಟಿನೊಳಗೇ
ಒದ್ದೆ ಕಾಲುಚೀಲ ತುರುಕಿ ಮನೆಗೆ ಓಡುತ್ತಾರೆ.

ಭುಜದ ಕವಚ ಗೂಟಕ್ಕೆ, ಮೊಣಕಾಲಿನದು ಅದರ ಕೆಳಗೆ,
ಕೈಗವಸು ಬೆರಳು ಮೇಲಾಗಿ.
ಗೋಡೆಯುದ್ದಕ್ಕೂ ತಲೆಯಿಲ್ಲದ ಹತ್ತೊಂಬತ್ತು ಜನ
ಶರಣಾದವರಂತೆ ಕೈಯೆತ್ತಿ ನಿಲ್ಲುತ್ತಾರೆ.
ಫ್ಯಾನು ಹಾಕಿದರೆ ಮೆಲ್ಲಗೆ ತೊನೆಯುತ್ತಾರೆ.

ಸ್ಕೇಟು ಬೂಟಿನೊಳಗೆ ಹಳೆಯ ಪತ್ರಿಕೆ ಉಂಡೆಮಾಡಿ ತುರುಕಬೇಕು,
ಕಾಲ್ಬೆರಳ ತುದಿಯವರೆಗೆ.
ಚುನಾವಣೆ, ಮೀನಿನ ಬೆಲೆ, ಯಾರದೋ ಶ್ರದ್ಧಾಂಜಲಿ
ರಾತ್ರಿಯಿಡೀ ಬೆವರು ಕುಡಿದು
ಬೆಳಿಗ್ಗೆಗೆ ಅಕ್ಷರ ಬಿಟ್ಟುಕೊಟ್ಟಿರುತ್ತವೆ.
ರೈನೆಯ ಹಿಮ್ಮಡಿಯ ಪಟ್ಟಿಯಲ್ಲಿ ಒಮ್ಮೆ
ಹವಾಮಾನ ವರದಿ ಮೂಡಿತ್ತು, ತಿರುಗುಮುರುಗಾಗಿ.

ಬಿಸಿ ಬೇಡ. ಆತುರಗಾರರು ಕೇಳುವುದಿಲ್ಲ.
ಓಸ್ಮೋ ಒಂದು ಸಲ ಸೌನಾದ ಕಾದ ಕಲ್ಲಿನ ಹತ್ತಿರ
ಹೊಸ ಗವಸು ಇಟ್ಟು ಊಟಕ್ಕೆ ಹೋದ;
ಬಂದು ನೋಡಿದರೆ ಅಂಗೈ ಚರ್ಮ ಒಣಮೀನಿನ ಹಾಗೆ ಸೆಟೆದಿತ್ತು.
ಹೊರಗೆ ನೇತುಹಾಕೋಣ ಎನ್ನುತ್ತಾರೆ ಕೆಲವರು:
ಲ್ಯಾಪ್‌ಲ್ಯಾಂಡಿನ ಚಳಿ,
ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ, ಯಾವ ಕ್ರಿಮಿ ಬದುಕೀತು?
ಬದುಕುತ್ತದೆ. ಚಳಿ ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ.
ಒಳಗೆ ತಂದು ಒಂದು ಕಾಫಿ ಕುಡಿಯುವಷ್ಟರಲ್ಲಿ
ನಾತ ಎದ್ದು ಕೂತು ಆಕಳಿಸುತ್ತದೆ.

ಇಷ್ಟೆಲ್ಲ ಹೇಳುವ ನನಗೆ ಮೂಗಿಲ್ಲ.
ಇದೆ, ಮುಖದ ನಡುವೆ, ಕನ್ನಡಕ ಕೂರುವುದಕ್ಕೆ.
ಮೂರು ಚಳಿಗಾಲದ ಹಿಂದೆ ಒಂದು ಜ್ವರ ಬಂದು
ಅದರ ಕೆಲಸ ಕಿತ್ತುಕೊಂಡು ಹೋಯಿತು.
ಕ್ಲಬ್ಬಿನವರಿಗೆ ಹೇಳಿಲ್ಲ. ಯಾಕೆ ಹೇಳಲಿ?
ಗವಸನ್ನು ಕೆನ್ನೆಗೊತ್ತಿ ನೋಡುತ್ತೇನೆ: ತಣ್ಣಗಿದ್ದರೆ ಇನ್ನೂ ಹಸಿ.
ಬಾಗಿಲಿಗೆ ಬಂದವರ ಮುಖ ನೋಡುತ್ತೇನೆ:
ಮೂಗು ಮುರಿದರೆ ವಿನೆಗರ್, ಮುರಿಯದಿದ್ದರೆ ಬೀಗ.

ಗೋಲ್‌ಕೀಪರ್ ಪಿಹ್ಲಾ, ಹದಿನಾಲ್ಕು ವರ್ಷ,
ಕಳೆದ ತಿಂಗಳು ನನ್ನನ್ನು ಹಿಡಿದಳು.
ಯಾರದೋ ಚೀಲದಲ್ಲಿ ಹಾಲು ಚೆಲ್ಲಿ ಮೂರು ದಿನ.
ನಾನು ಅದರ ಪಕ್ಕದಲ್ಲೇ ಕೂತು ಬ್ರೆಡ್ಡು ತಿನ್ನುತ್ತಿದ್ದೆ.
ಚೀಲ ನೋಡಿದಳು. ಬ್ರೆಡ್ಡು ನೋಡಿದಳು. ನನ್ನ ನೋಡಿದಳು.
ಏನೂ ಅನ್ನಲಿಲ್ಲ;
ಚೀಲ ಹೊರಗೊಯ್ದು ಹಿಮದಲ್ಲಿ ಉಜ್ಜಿದಳು.

ಈಗ ದಿನಾ ನಿಲ್ಲುತ್ತಾಳೆ, ಬಸ್ಸು ತಪ್ಪಿಸಿಕೊಂಡು.
ಒಂದೊಂದೇ ಗವಸಿಗೆ ಮೂಗಿಟ್ಟು
ಹೂಂ ಅನ್ನುತ್ತಾಳೆ, ಊಹೂಂ ಅನ್ನುತ್ತಾಳೆ.
ತನ್ನದಕ್ಕೆ ಊಹೂಂ ಅಂದು ತಾನೇ ನಗುತ್ತಾಳೆ.

ನಿನ್ನೆ ಕೇಳಿದೆ: "ನಾನು ಹೇಗೆ?"
ಹತ್ತಿರ ಬಂದಳು, ತೋಳಿನ ಬಳಿ ಬಾಗಿದಳು.
"ಒದ್ದೆ ಪೇಪರು. ವಿನೆಗರ್. ಆಮೇಲೆ... ಈ ಕೋಟು.
ಬೆಂದು ಹಳಸಿದ ಕೋಸಿನ ಥರ. ಏನದು, ಇರ್ಯಾ?"

ಕೋಟು ಅಪ್ಪನದು. ಕಾಗದದ ತಿರುಳು ಬೇಯಿಸುವ ಕಾರ್ಖಾನೆ
ಇವಳು ಹುಟ್ಟುವ ಮೊದಲೇ ಮುಚ್ಚಿತು.
ಗಾಳಿ ಈ ಕಡೆ ತಿರುಗಿದ ದಿನ ಊರಿಡೀ ಕಿಟಕಿ ಹಾಕುತ್ತಿತ್ತು,
ಅಪ್ಪ ಮಾತ್ರ ತೆರೆದಿಟ್ಟು ಎದೆ ತುಂಬ ಎಳೆದುಕೊಳ್ಳುತ್ತಿದ್ದ.
ಅಮ್ಮ ಈ ಕೋಟನ್ನು ಲೆಕ್ಕವಿಟ್ಟು ಹನ್ನೆರಡು ಸಲ ಒಗೆದಳು,
ನಾನು ಲೆಕ್ಕವಿಡದೆ. ಹೋಯಿತು ಅಂದುಕೊಂಡಿದ್ದೆ.

"ದುಡ್ಡು," ಅಂದೆ, ಅಪ್ಪ ಅನ್ನುತ್ತಿದ್ದ ಹಾಗೆ.
ಅವಳಿಗೆ ಅರ್ಥವಾಗಲಿಲ್ಲ.
ಇನ್ನೊಮ್ಮೆ ಮೂಸಿದಳು, ನನ್ನ ಪರವಾಗಿ.

ಎಡಗಡೆ ಇನ್ನೂ ನಾಲ್ಕು ಜೊತೆ ಬೂಟು. ಪೇಪರು ಸಾಲದು.