ಗಟ್ಟಿ

ಬಿಜೈಯ ಮೂರನೇ ಮಾಳಿಗೆ, ಮೇ ತಿಂಗಳ ಸೆಕೆ.
ಕೋಕೋ, ಬೆಣ್ಣೆ, ಸಕ್ಕರೆ, ಒಂದೇ ಒಂದು ಕುದಿ;
ಡಾಕ್ಟರು ವಾರಿಜತ್ತೆಗೆ ಬರೆದುಕೊಟ್ಟ,
ಅವರು ಮುಟ್ಟದೆ ಬಿಟ್ಟ ಓಟ್ಸನ್ನು
ಡಬ್ಬಿ ತಟ್ಟಿ ಸುರಿದೆ.

"ಬೇಯಿಸ್ಲಿಕ್ಕಿಲ್ವಾ?"
"ಇಲ್ಲ ಅತ್ತೆ, ತಾನಾಗಿಯೇ ಗಟ್ಟಿಯಾಗ್ತದೆ."
"ಹಬೆ ಕಾಣದ್ದು ಎಂಥ ಗಟ್ಟಿ?"
ಅರಸಿನ ಎಲೆ ಹುಡುಕುವವರ ಹಾಗೆ
ಅಡುಗೆಮನೆ ಇಡೀ ಮೂಸಿದರು.

ಫ್ಯಾನಿನಡಿ ಸ್ಟೀಲ್ ತಟ್ಟೆ. ಅರ್ಧ ಗಂಟೆ.
ಒಂದು ಗಂಟೆ.
ಉಪ್ಪಿನ ಭರಣಿಯೂ ಬೆವರುವ ಊರು;
ಹನ್ನೆರಡು ಉಂಡೆ ಮೆಲ್ಲಗೆ
ಒಂದರ ಹೆಗಲಿಗೆ ಒಂದು ಒರಗಿ
ಒಂದೇ ಆದವು.

ಕರೆಂಟು ಹೋಯಿತು.
ಕತ್ತಲಲ್ಲಿ ಚಮಚದ ಸದ್ದು.
ಬಂದಾಗ ಅತ್ತೆಯ ಗಲ್ಲದಲ್ಲಿ ಕೋಕೋ.
"ಆಗ್ಲಿಲ್ಲ ನೋಡು ನಿನ್ನದು" ಎಂದರು,
ತಟ್ಟೆಯನ್ನು
ಗಟ್ಟಿ ಹಿಡಿದುಕೊಂಡು.