ಹಚ್ಚಿಕೊಂಡವನು

ಹನ್ನೊಂದು ಪ್ರಶ್ನೆ ಕೇಳಿದಳು ಒಂದಿನಾ ಬಾರಿಯೆಂತೋಸ್.
ಹನ್ನೊಂದಕ್ಕೂ ಉತ್ತರ ಕೊಟ್ಟೆ.
ಉಕ್ಕಿನ ಹಗ್ಗದಲ್ಲಿ ಎಷ್ಟು ಎಳೆ ಹರಿದರೆ ಹಗ್ಗ ಬದಲಿಸಬೇಕು,
ಬ್ರೇಕಿನ ದವಡೆ ಎಷ್ಟು ಸವೆದರೆ ನಿಲ್ಲಿಸಬೇಕು,
ಇಳಿವ ಬಂಡಿಯ ಭಾರ ಏರುವ ಬಂಡಿಗೆ
ಎಷ್ಟರಮಟ್ಟಿಗೆ ಹೆಗಲು ಕೊಡುತ್ತದೆ, ಎಲ್ಲ.
ಮೇಜಿನ ಮೇಲೆ ನನ್ನ ಮೂರು ಸರ್ಟಿಫಿಕೇಟು,
ಮಡಿಕೆ ಬೀಳದ ಹಾಗೆ ಪ್ಲಾಸ್ಟಿಕ್ಕಿನೊಳಗೆ.

ಕಿಟಕಿಯಾಚೆ ವಾಲ್ಪರೈಸೊ ಬಂದರು,
ಕಂಟೇನರುಗಳನ್ನು ಎತ್ತಿ ಎತ್ತಿ ಇಡುವ ಕ್ರೇನುಗಳು,
ಕಡಲ ಮೇಲೆ ಆಗಸ್ಟಿನ ಚಳಿ.
ಕಿಟಕಿಯೀಚೆ ಆಳೆತ್ತರದ ಹಳೆಯ ಗಾಲಿ,
ಗವಿಯೋತಾ ಗುಡ್ಡದ ಎರಡು ಮರದ ಬಂಡಿಗಳನ್ನು
ದಿನಕ್ಕೆ ನೂರೆಂಟು ಸಲ
ಏರಿಸಿ ಇಳಿಸಿ, ಇಳಿಸಿ ಏರಿಸಿ
ಬೇಸರವೆಂಬುದೇ ಇಲ್ಲ ಅದಕ್ಕೆ.

ನನ್ನ ನಂತರ ಬಂದವನು ಯೆರ್ಕೊ ಮನ್ಸೀಯಾ.
ಮೀನುದೋಣಿಯ ಎಂಜಿನ್ನು ಬಿಚ್ಚಿ ಬಿಚ್ಚಿ ಕಲಿತವನಂತೆ.
ಬಾಗಿಲು ಅರ್ಧ ತೆರೆದಿತ್ತು, ಕೇಳಿಸಿಕೊಂಡೆ.
ಸುಳ್ಳೇಕೆ, ಕೇಳಿಸಿಕೊಳ್ಳಲೆಂದೇ ನಿಂತೆ.
ಹನ್ನೊಂದರಲ್ಲಿ ನಾಲ್ಕು ತಪ್ಪು.
ಐದನೆಯದಕ್ಕೆ, ‘ಗೊತ್ತಿಲ್ಲ, ನೋಡಿ ಹೇಳಬಹುದಾ?’ ಅಂದ.
ಏಳನೆಯದರ ನಡುವೆ
ಮಾತೇ ನಿಲ್ಲಿಸಿಬಿಟ್ಟ.

‘ಅದು ಯಾಕೆ ಹಾಗೆ ಕೆಮ್ಮುತ್ತೆ?’
‘ಯಾವುದು?’
‘ಗಾಲಿ. ಎಡಗಡೆಯ ಬಂಡಿ ಮೇಲೆ ಬರುವಾಗ ಮಾತ್ರ.
ಈಗ... ಈಗ, ನೋಡಿ.’

ನಾನೂ ಕಿವಿಗೊಟ್ಟೆ.
ನನಗೆ ಕೇಳಿದ್ದು ಗಾಲಿ ತಿರುಗುವ ಸದ್ದು.

ಕೆಲಸ ಅವನಿಗಾಯಿತು.

ವಾರ ಬಿಟ್ಟು ಮತ್ತೆ ಹೋದೆ, ಮಾನ ಬಿಟ್ಟು ಕೇಳಿದೆ.
ಚಿಂದಿಬಟ್ಟೆಗೆ ಕೈ ಒರೆಸುತ್ತ ಹೇಳಿದಳು:
‘ನಿನಗೆ ಬಂದಷ್ಟು ಅವನಿಗೆ ಬರಲು
ಎರಡು ಚಳಿಗಾಲ ಸಾಕು, ಕಲಿಸಲು ನಾನಿದ್ದೇನೆ.
ಕೆಮ್ಮು ಕೇಳಿದ ಮೇಲೆ ನಿದ್ದೆ ಬಾರದಿರುವುದನ್ನು
ಯಾರಿಗೆ, ಹೇಗೆ ಕಲಿಸಲಿ ಹೇಳು.
ಬೆಳಿಗ್ಗೆ ಬಂಡಿ ತುಂಬ ಶಾಲೆಯ ಮಕ್ಕಳು.
ತಪಾಸಣೆಯ ಪಟ್ಟಿಯಲ್ಲಿ ಹದಿನೆಂಟು ಸಾಲು.
ಕೆಡುವುದು ಯಾವತ್ತೂ
ಹತ್ತೊಂಬತ್ತನೆಯದು.’

‘ಹಾಗಾದರೆ ಸಂಬಳ?’ ಅಂದೆ,
‘ಹೀಗೆ ಹಚ್ಚಿಕೊಂಡವನಿಗೆ ಹೆಚ್ಚೇ?’
ಒಂದಿನಾ ಕಿಟಕಿಯತ್ತ ತಿರುಗಿದಳು.
ಅಷ್ಟೇ. ಎಲ್ಲರಿಗೂ ಅಷ್ಟೇ.

ಇಳಿಯುವಾಗ ಬಂಡಿ ಹತ್ತಲಿಲ್ಲ.
ಮುನ್ನೂರ ಹನ್ನೆರಡು ಮೆಟ್ಟಿಲು,
ಮೆಟ್ಟಿಲಿಗೊಂದರಂತೆ ಬೈದುಕೊಂಡೆ:
ಹಸಿವೆ ಮರೆತು ದುಡಿವವನನ್ನು
ಬೇಡವೆನ್ನುವ ಧಣಿ ಯಾರು?
ಮನೆಯ ದೀಪ ಆರಿಸಿ ಬಂದು ಇಲ್ಲಿ ಹಚ್ಚುವವನು
ಯಾವ ಲೆಕ್ಕದಲ್ಲೂ ಅಗ್ಗ.
ಅದು ಸುಳ್ಳೆಂದು ಇವತ್ತಿಗೂ ಅನ್ನಲಾರೆ.

ಈಗ ಬಂದರಿನಲ್ಲಿದ್ದೇನೆ, ಮೂರನೆಯ ಕ್ರೇನು ನನ್ನದು.
ಎಂಟು ಗಂಟೆ, ಕೈಗವಸು, ಒಳ್ಳೆಯ ಸಂಬಳ.
ನನ್ನ ಕ್ರೇನು ಇದುವರೆಗೆ ಕೆಟ್ಟಿಲ್ಲ, ಬರೆದುಕೊಳ್ಳಿ.
ಸೈರನ್ನು ಕೂಗಿದರೆ ಬಾಗಿಲೆಳೆದು ಹೊರಡುತ್ತೇನೆ,
ಅದೇನು ಯೋಚಿಸುತ್ತ ನಿಂತಿರುತ್ತದೋ ರಾತ್ರಿಯೆಲ್ಲ,
ಕೇಳಿದವನಲ್ಲ.

ಮೊನ್ನೆ ಜೂನಿನ ಮಳೆ, ಕೊನೆಯ ಬಂಡಿ.
ಕೆಳನಿಲ್ದಾಣದಲ್ಲಿ ಹಳಿಗಳ ನಡುವೆ ಬೋರಲು ಮಲಗಿದ್ದ ಯೆರ್ಕೊ,
ಬಾಯಲ್ಲಿ ಟಾರ್ಚು ಕಚ್ಚಿಕೊಂಡು,
ರಾಟೆಯೊಂದಕ್ಕೆ ಬರಿಗೈಯಲ್ಲಿ ಗ್ರೀಸು ಸವರುತ್ತ,
ಕೆಮ್ಮುವ ಕೂಸಿನ ಎದೆಗೆ ಔಷಧಿ ಹಚ್ಚುವ ಹಾಗೆ.
ಮೊಳೆಗೆ ನೇತುಹಾಕಿದ ಜಾಕೆಟ್ಟಿನೊಳಗೆ
ಫೋನು ಬಡಿದುಕೊಳ್ಳುತ್ತಿತ್ತು,
ಯಾರೋ ಊಟಕ್ಕೆ ಕಾಯುತ್ತಿರಬೇಕು.
ನಿಂತಿತು. ಮತ್ತೆ ಬಡಿದುಕೊಂಡಿತು.
ನನ್ನನ್ನು ನೋಡಿ ಹುಬ್ಬು ಹಾರಿಸಿದ, ಗುರುತು ಸಿಕ್ಕಿತೋ ಇಲ್ಲವೋ,
ಎದ್ದು ಮೊಣಕಾಲು ಕೊಡವಿ
ಎರಡು ಸಲ ಗಂಟೆ ಹೊಡೆದ.

ಯಾವ ನಂಬರಿನ ಗ್ರೀಸು, ಎಷ್ಟು ಗ್ರಾಂ,
ಎಷ್ಟು ದಿನಕ್ಕೊಮ್ಮೆ, ನನಗೆ ಬಾಯಿಪಾಠ.
ಹಚ್ಚುವುದು ಬಲ್ಲೆ.
ಹಚ್ಚಿಕೊಳ್ಳುವುದು...

ಬಂಡಿ ಏರಿತು. ಎಡಗಡೆಯದೇ.
ತುದಿಯವರೆಗೂ ಕಿವಿಗೊಟ್ಟು ಕೂತೆ.
ಕೆಮ್ಮಿರಲಿಲ್ಲ.
ಇತ್ತೋ ಏನೋ,
ನನಗೆ ಅವತ್ತೂ ಕೇಳಿಸಿರಲಿಲ್ಲವಲ್ಲ.