ಉಗುರುಬಣ್ಣ

ಮೋರಾ ಊರಿನಾಚೆ, ಕಾರ್ಕ್ ಮರಗಳ ಬಯಲಲ್ಲಿ,
ಜುಲೈ ತಿಂಗಳ ನಸುಕು ಐದೂವರೆಗೆ
ಇಡಾಲೀನಾ ಏಣಿಯೇರಿ
ಎಲೆಯೊಂದನ್ನು ಅಂಗಾತ ಮಾಡಿ
ಉಗುರುಬಣ್ಣ ಹಚ್ಚುತ್ತಾಳೆ.

ಕೆಂಪಲ್ಲ. ಬಣ್ಣವೇ ಇಲ್ಲದ ಬಣ್ಣ,
ಔಷಧಿ ಅಂಗಡಿಯಲ್ಲಿ ಎರಡು ಯೂರೋಗೊಂದು ಸೀಸೆ.
ಅದಕ್ಕೂ ಮೊದಲು ಅಂಟುಪಟ್ಟಿಯೊತ್ತಿ
ಎಲೆಯಡಿಯ ಬೂದು ನವಿರನ್ನು ಕೀಳಬೇಕು.
ಆಮೇಲೆ ತೆಳ್ಳಗೆ ಒಂದೇ ಎಳೆತ;
ಒಣಗುವ ತನಕ ಉಫ್ ಎಂದು ಊದಿ
ಪೊರೆ ಬಿಡಿಸಿ, ಗಾಜಿಗೆ ಒತ್ತಿ
ಮೂಲೆಯಲ್ಲಿ ಬರೆಯುವುದು:
ಮರ ಹದಿನಾಲ್ಕು, ಗಂಟೆ ಐದೂವರೆ.

"ನಿನ್ನ ಮರಕ್ಕೇನು ಇವತ್ತು ಮದುವೆಯೋ?"
ಕೆಳಗೆ ನಿಂತು ಭಾವ ಬೆಲ್ಮೀರು ನಗುತ್ತಾನೆ, ಹೆಗಲಿಗೆ ಕೊಡಲಿ.
ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿಯುವವನು,
ಸುಲಿದ ಕೆಂಪು ಮೈಮೇಲೆ
ಇಸವಿಯ ಕೊನೆಯಂಕಿಯನ್ನು ಬಿಳಿಯಲ್ಲಿ ಬರೆದು ಹೋಗುವವನು.
"ನೀನು ಹಚ್ಚುವುದೂ ಬಣ್ಣವೇ" ಅನ್ನುತ್ತಾಳೆ ಇವಳು,
ಏಣಿಯಿಂದಿಳಿಯದೆ.

ಸೂಕ್ಷ್ಮದರ್ಶಕದಡಿ ಆ ಪೊರೆಯ ತುಂಬ
ಬರೀ ತುಟಿಗಳು.
ಎರಡೆರಡು ಕಾವಲು ಕೋಶ, ಅವರೆಕಾಳಿನ ಹಾಗೆ ಬಾಗಿ
ಎದುರುಬದುರು ಕೂತಿವೆ, ನಡುವೆ ಒಂದು ಸೀಳು.
ಚಿಲಕವಿಲ್ಲ, ತಿರುಗಣಿಯಿಲ್ಲ.
ನೀರು ತುಂಬಿ ಉಬ್ಬಿದರೆ ಬಾಯಿ ತೆರೆಯುತ್ತವೆ,
ಬರಿದಾದರೆ ಜೋತು ಮುಚ್ಚುತ್ತವೆ.
ಉಂಡವರ ಮನೆ ಬಾಗಿಲೇ ತೆರೆದಿರುವುದು
ಎಂದು ಅವಳಜ್ಜಿ ಅನ್ನುತ್ತಿದ್ದಳು;
ಇದನ್ನು ನೋಡಿಯಂತೂ ಅಲ್ಲ.

ಮಧ್ಯಾಹ್ನ ನಲವತ್ತೊಂದು ಡಿಗ್ರಿ.
ನೆಲ, ಕಾದ ಕಾವಲಿ.
ಎಲೆಯ ನರಗಳಲ್ಲೆಲ್ಲೋ ಒಂದು ಹುಳಿ ಹುಟ್ಟುತ್ತದೆ.
(ಬೇರು ಬರೆದು ಕಳಿಸಿದ ಓಲೆ ಎನ್ನುತ್ತಿದ್ದರು ಹಿಂದೆ;
ಬಹುಪಾಲು ಎಲೆಯದೇ ಕೈಬರಹ ಎನ್ನುತ್ತಾರೆ ಈಗ.
ಆ ಜಗಳಕ್ಕೆ ಇಡಾಲೀನಾ ಹೋಗುವುದಿಲ್ಲ,
ಅವಳ ಸಂಬಳ ಗಾಜಿನ ಲೆಕ್ಕಕ್ಕೆ.)
ಅಬ್ಸಿಸಿಕ್ ಆಮ್ಲವೆಂದು ಅದರ ಹೆಸರು.
ಎಲೆ ಕಾಯಿ ಉದುರಿಸುವವನು ಇವನೇ ಎಂದು
ಮೊದಲು ಕಂಡವರು ಬಗೆದು ಇಟ್ಟದ್ದು.
ಉದುರಿಸುವುದರಲ್ಲಿ ಅವನ ಕೈ ಅಷ್ಟೇನಿಲ್ಲವೆಂದು
ಆಮೇಲೆ ತಿಳಿಯಿತು; ಹೆಸರನ್ನು ಯಾರೂ ಅಳಿಸಲಿಲ್ಲ.
ಒಮ್ಮೆ ಕಳ್ಳ ಅನ್ನಿಸಿಕೊಂಡವನು
ನಡುಹಗಲಲ್ಲಿ ಊರವರ ಬಾಗಿಲು ಹಾಕುತ್ತ ತಿರುಗುತ್ತಾನೆ.

ಬಡಿಯುವುದಿಲ್ಲ, ಕೂಗುವುದಿಲ್ಲ.
ತನ್ನ ಅಳತೆಯ ಒಂದು ಕುಳಿಯಲ್ಲಿ ಹೋಗಿ ಕೂರುತ್ತಾನೆ, ಅಷ್ಟೆ.
ಅಲ್ಲಿಂದಾಚೆ ಸೋರಿಕೆ:
ಕ್ಲೋರೈಡ್ ಮೊದಲು, ಅದರ ಬೆನ್ನಿಗೆ ಪೊಟ್ಯಾಸಿಯಂ,
ಉಪ್ಪು ಹೋದ ದಾರಿಯಲ್ಲೇ ನೀರು.
ತುಟಿಗೆ ತುಟಿ ತಾಗುತ್ತದೆ.

ಮರ ಹದಿನಾಲ್ಕು, ಗಂಟೆ ಒಂದೂವರೆ.
ಮುಚ್ಚಿದೆ. ಮುಚ್ಚಿದೆ. ಅರೆ ಮುಚ್ಚಿದೆ. ಮುಚ್ಚಿದೆ.
ಇದ್ದ ಗುಟುಕು ನೀರು ಉಳಿಯಿತು. ಆದರೆ
ಗಾಳಿಯ ಇಂಗಾಲವೂ ಇದೇ ಬಾಗಿಲಿಂದ ಬರಬೇಕಿತ್ತು.
ಒಲೆ ಧಗಧಗ ಉರಿಯುತ್ತಿದೆ, ಹಿಟ್ಟಿಲ್ಲ.
ಹೊಟ್ಟೆಗೆ ತಣ್ಣೀರು ಬಟ್ಟೆ ಅನ್ನೋಣವೆಂದರೆ
ತಣ್ಣೀರೆಲ್ಲಿದೆ?

ಗಾಜಿನ ಮನೆಯ ಮೂಲೆಗೆ ಒಂದು ಟೊಮೇಟೊ ಗಿಡ,
ಆ ಹುಳಿ ಮಾಡಲು ಬಾರದೆ ಹುಟ್ಟಿದ್ದು.
ಹಗಲಿರುಳು ಬಾಯಿ ತೆರೆದೇ ಇದೆ,
ಎಷ್ಟು ನೀರೆರೆದರೂ ಒದ್ದೆ ಬಟ್ಟೆಯಂತೆ ಜೋತಿದೆ.
ಕೊರತೆಯಾದ ಹುಳಿಯನ್ನೇ ನೀರಿಗೆ ಬೆರೆಸಿ
ದಿನವೂ ಸಿಂಪಡಿಸುತ್ತಿದ್ದಳು;
ಗಿಡ ಮೆಲ್ಲಗೆ ಕತ್ತೆತ್ತುತ್ತಿತ್ತು.
ಶುಕ್ರವಾರದಿಂದ ಸಿಂಪಡಿಕೆ ಬೇಡ ಎಂದಿದೆ ಚೀಟಿಯಲ್ಲಿ,
ಪ್ರಯೋಗಕ್ಕಾಗಿ.
ಇಂದು ಶನಿವಾರ. ಆಚೀಚೆ ನೋಡಿ
ಎರಡು ಸಲ ಒತ್ತಿದಳು ಸೀಸೆಯ ಮೂತಿ.
ಮರಕ್ಕೆ ಮರ, ಗಂಟೆಗೆ ಗಂಟೆ ಬರೆದಿಡುವವಳು
ಇದನ್ನೆಲ್ಲೂ ಬರೆಯಲಿಲ್ಲ.

ಹೆಬ್ಬೆರಳಿಗೆ ಹತ್ತಿ ಒಣಗಿದ ಉಗುರುಬಣ್ಣವನ್ನು
ಸಂಜೆ ಸುಮ್ಮನೆ ಬಿಡಿಸಿ ಗಾಜಿಗಿಟ್ಟಳು.
ಸುಳಿಸುಳಿ ಗೆರೆ, ಗೆರೆಯ ನೆತ್ತಿಯುದ್ದಕ್ಕೂ ತೂತು,
ಬೆವರಿನವು.
ಅಕ್ಕಪಕ್ಕ ಹುಡುಕಿದಳು: ಕಾವಲಿಲ್ಲ.

ಹೊರಗೆ ಬೆಲ್ಮೀರು ಮಣ್ಣಿನ ಹೂಜಿಯೆತ್ತಿ
ಗಟಗಟ ಕುಡಿದು, ಉಳಿದದ್ದನ್ನು
ತಲೆಗೆ ಸುರಿದುಕೊಳ್ಳುತ್ತಿದ್ದ.
ಇವಳು ಮತ್ತೆ ಏಣಿಗೆ ಕಾಲಿಟ್ಟಳು.
ಮರ ಹದಿನಾಲ್ಕು, ಗಂಟೆ ಏಳೂಮುಕ್ಕಾಲು:
ಒಂಚೂರು ತೆರೆದಿದೆ.